ಹಿಡಿದ ಕೈಯೇ ನೀರು ಕೊಡಬೇಕು

ಯಾಸ್ಮೀನ್ ತರಬೇತಿಗೆ ಸೇರಿದ ಮೊದಲ ವಾರದಲ್ಲೇ ದುರ್ಗಮ್ಮನ ಮೂಗು ಒಡೆದಳು. ಜಗಳವೇನೂ ಆಗಿರಲಿಲ್ಲ. ಪಾಠ ನಡೆಯುತ್ತಿತ್ತು, ಮೂಗು ಒಡೆಯಿತು, ಅಷ್ಟೆ.

ಸಿರ್ಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಲ್ಲಿ, ಒಂದು ಕಾಲಕ್ಕೆ ಅಕ್ಕಿ ಗಿರಣಿಯಾಗಿದ್ದ ಉದ್ದನೆಯ ಕಟ್ಟಡದಲ್ಲಿ ಆ ಆರೈಕೆ ಕೇಂದ್ರವಿದೆ. ಬುದ್ಧಿ ಬೆಳೆಯಲಿಲ್ಲ ಎಂದೋ, ತಲೆ ಕೆಟ್ಟಿತು ಎಂದೋ ಮನೆಯವರಿಗೆ ಬೇಡವಾದ ಹೆಂಗಸರು ಅಲ್ಲಿದ್ದಾರೆ. ಅಂಥವರನ್ನು ನೋಡಿಕೊಳ್ಳುವುದು ಹೇಗೆಂದು ಕಲಿಸುವ ಒಂದು ವರ್ಷದ ತರಬೇತಿಯೂ ಅಲ್ಲೇ ನಡೆಯುತ್ತದೆ. ಊರಿನ ದೊಡ್ಡವರು ಆ ಕಡೆ ಬಂದಾಗಲೆಲ್ಲ ಇದು ಪುಣ್ಯದ ಕೆಲಸ ಎನ್ನುತ್ತಾರೆ. ಮಗನ ಹುಟ್ಟುಹಬ್ಬಕ್ಕೆ ಕೇಕು ತಂದು, ಫೋಟೋ ಹೊಡೆಸಿಕೊಂಡು, ಕಾರು ಹತ್ತಿ ಹೋಗುತ್ತಾರೆ. ಆ ಪುಣ್ಯವಂತರಲ್ಲಿ ಒಬ್ಬರಾದರೂ ಒಮ್ಮೆ ವಿನೋದಕ್ಕನ ಉಗುರು ಕತ್ತರಿಸಿ ನೋಡಬೇಕಿತ್ತು. ವಿನೋದಕ್ಕನ ವಿಷಯಕ್ಕೆ ಆಮೇಲೆ ಬರೋಣ.

ಕಲಿಸುವವರು ಅಭಿಜ್ಞಾ ಮೇಡಂ. ಯಲ್ಲಾಪುರದ ಕಡೆಯ ತೋಟದ ಮನೆಯವರು, ಮೈಸೂರಿನಲ್ಲಿ ಓದಿ ಬಂದವರು. ಗಿಡ್ಡ ಆಳು, ದೊಡ್ಡ ದನಿ. ಅವರದ್ದು ಒಂದೇ ಹಟ: ಇಲ್ಲಿರುವವರಿಗೆ ಏನು ಮಾಡುವುದಿದ್ದರೂ ಅದನ್ನು ಮೊದಲು ನಿನ್ನ ಮೈಗೆ ಮಾಡಿಸಿಕೊಳ್ಳಬೇಕು. ಗಂಜಿ ತಿನ್ನಿಸಲು ಕಲಿಯುವವಳು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಇನ್ನೊಬ್ಬಳ ಕೈಯಿಂದ ಗಂಜಿ ತಿನ್ನಬೇಕು. ಡೈಪರ್ ಹಾಕಲು ಕಲಿಯುವವಳು ತಾನೇ ಡೈಪರ್ ಹಾಕಿಕೊಂಡು ಒಂದು ಮಧ್ಯಾಹ್ನ ಕೂರಬೇಕು. ಬನವಾಸಿಯಿಂದ ಬಂದಿದ್ದ ಒಬ್ಬಳು ಆ ಮಧ್ಯಾಹ್ನವೇ ಬಸ್ಸು ಹತ್ತಿದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಆ ವಾರದ ಪಾಠ ಹಿಡಿತ. ಯಾರಿಗಾದರೂ ಆವೇಶ ಬಂದು ತನ್ನ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳತೊಡಗಿದರೆ, ಪಕ್ಕದವಳ ಕಣ್ಣಿಗೆ ಕೈ ಹಾಕಿದರೆ, ಹೊಡೆಯುವಂತಿಲ್ಲ, ಕಟ್ಟುವಂತಿಲ್ಲ. ಹಿಂದಿನಿಂದ ಹೋಗಿ ಎರಡೂ ತೋಳು ಸೇರಿಸಿ ತಬ್ಬಬೇಕು. ಅವಳ ತಲೆ ತನ್ನ ಮುಖಕ್ಕೆ ಬಡಿಯದ ಹಾಗೆ ತನ್ನ ಹಣೆಯನ್ನು ಅವಳ ಬೆನ್ನಿಗೆ ಒತ್ತಿಟ್ಟು, ಅವಳ ಜೊತೆಗೇ ಮೆಲ್ಲಗೆ ನೆಲಕ್ಕೆ ಕೂರಬೇಕು. ಸಣ್ಣ ದನಿಯ ಮಾತು ನಿಲ್ಲಬಾರದು. ಉಸಿರು ಇಳಿದ ಕೂಡಲೇ ಬಿಡಬೇಕು. ಬಿಟ್ಟ ಮೇಲೆ ನೀರು ಕುಡಿಸಬೇಕು, ಅದೂ ಹಿಡಿದವಳೇ.

“ಹಿಡಿದ ಕೈಯೇ ನೀರು ಕೊಡ್ಬೇಕು,” ಎಂದು ಅಭಿಜ್ಞಾ ಮೇಡಂ ಹೇಳಿ ಹೇಳಿ ಎಲ್ಲರಿಗೂ ಬಾಯಿಪಾಠವಾಗಿತ್ತು. “ಇಲ್ದಿದ್ರೆ ಅದು ಹೊಡೆದ ಕೈ ಅಂತ್ಲೇ ಅವ್ಳಿಗೆ ನೆನಪಿರ್ತದೆ.”

ಯಾಸ್ಮೀನಳನ್ನು ಹಿಡಿಯುವ ಪಾಳಿ ದುರ್ಗಮ್ಮನದು. ದುರ್ಗಮ್ಮ ದಾಸನಕೊಪ್ಪದವಳು, ಗಂಡ ತೀರಿಕೊಂಡ ಮೇಲೆ ತರಬೇತಿಗೆ ಬಂದವಳು, ಭತ್ತದ ಚೀಲವನ್ನು ಒಬ್ಬಳೇ ಎತ್ತುವ ಗಟ್ಟಿಗಿತ್ತಿ. ಅವಳ ತೋಳು ಹಿಂದಿನಿಂದ ಬಂದು ಎದೆಗೆ ಬಿಗಿದದ್ದಷ್ಟೇ ಯಾಸ್ಮೀನಳಿಗೆ ಗೊತ್ತು. ತಲೆ ಹಿಂದಕ್ಕೆ ಚಿಮ್ಮಿತು. ಮೂಳೆ ಲಟಕ್ಕೆಂದಿತು. ಮೊಣಕೈ ಪಕ್ಕೆಗೆ ಹೋಯಿತು. ದುರ್ಗಮ್ಮ ಅಂಗಾತ ಬಿದ್ದ ಮೇಲೂ ಇವಳು ನಿಲ್ಲಲಿಲ್ಲ. ಅವಳ ಎದೆಯ ಮೇಲೆ ಕೂತು ಮುಷ್ಟಿ ಕಟ್ಟಿ ಗುದ್ದಿದಳು, ಬಾಯಿಗೆ, ಕಣ್ಣಿಗೆ, ಸಿಕ್ಕಲ್ಲಿಗೆ. ಉಳಿದವರೆಲ್ಲ ಸೇರಿ ಎಳೆದು ನಿಲ್ಲಿಸಿದಾಗ ಬೆರಳ ಸಂದಿಯಲ್ಲೆಲ್ಲ ರಕ್ತ. ಇದು ಯಾರದ್ದು ಎಂದು ಅವಳೇ ಕೇಳಿದಳು.

“ನಿಂದೇನ್ ಕೈಯೋ, ಕಬ್ಬಿಣದ ಹಾರಿಯೋ ಮಾರಾಯ್ತಿ!” ದುರ್ಗಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಎದ್ದು ಕೂತಳು. “ನನ್ನ ಗಂಡ ಕುಡದು ಬಂದಾಗ್ಲೂ ಇಂಥಾ ಏಟು ಹಾಕಿದ್ದಿಲ್ಲ.” ಬೈಯಬೇಕಾದವಳು ಬೈಯಲಿಲ್ಲ. ಯಾಸ್ಮೀನಳ ಮುಖವನ್ನೇ ನೋಡಿ, ದನಿ ತಗ್ಗಿಸಿ ಕೇಳಿದಳು: “ಹಿಂದಿಂದ ಬಂದು ಯಾರು ಹಿಡೀತಿದ್ರವ್ವಾ ನಿನ್ನ?”

ಹಿಡಿಯುತ್ತಿದ್ದವನು ಯಾಸ್ಮೀನಳ ಗಂಡ ಮೊಯಿನ್. ಯಲ್ಲಾಪುರದವನು. ಅರಬೈಲು ಘಟ್ಟದಲ್ಲಿ ಸರಕಿನ ಲಾರಿ ಇಳಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹೊರಗಿನವರಿಗೆ ಚಿನ್ನದಂಥ ಮನುಷ್ಯ. ಕೆಟ್ಟು ನಿಂತ ಗಾಡಿ ಕಂಡರೆ ತನ್ನ ಲಾರಿ ನಿಲ್ಲಿಸಿ ಕೆಳಗಿಳಿಯುತ್ತಿದ್ದ. ಮನೆಯೊಳಗೆ ಅವನು ಎಂದೂ ಎದುರಿನಿಂದ ಬಂದವನಲ್ಲ. ಅವಳು ರೊಟ್ಟಿ ತಟ್ಟುತ್ತಿರುವಾಗ, ಬಟ್ಟೆ ಮಡಚುತ್ತಿರುವಾಗ ಸದ್ದಿಲ್ಲದೆ ಹಿಂದೆ ನಿಂತು, ಕುತ್ತಿಗೆಗೆ ತೋಳು ಹಾಕಿ ಬಿಗಿಯುತ್ತಿದ್ದ. ಕಣ್ಣಿಗೆ ಕತ್ತಲೆ ಬಂದ ಮೇಲೆ ಉಳಿದ ಹೊಡೆತ. ಒಮ್ಮೆ ಹೆಗಲ ಮೂಳೆ ಮುರಿಯಿತು. ಇನ್ನೊಮ್ಮೆ ಬಿಸಿ ಹಂಚಿಗೆ ಅಂಗೈ ಒತ್ತಿ ಹಿಡಿದ. ಕೊನೆಯ ಸಲ ಹೊಟ್ಟೆಗೆ ಬಿದ್ದ ಒದೆತಕ್ಕೆ ಒಳಗಿದ್ದ ಮಗು ಹೋಯಿತು. ಆಸ್ಪತ್ರೆಯಲ್ಲಿ ಬಚ್ಚಲಲ್ಲಿ ಜಾರಿದಳು ಎಂದು ಹೇಳಿದವನೂ ಅವನೇ, ಕಣ್ಣೀರು ಹಾಕಿದವನೂ ಅವನೇ.

ಆಸ್ಪತ್ರೆಯಿಂದ ನೇರವಾಗಿ ಸಿರ್ಸಿಯ ಕಸ್ತೂರಬಾ ನಗರದ ತವರಿಗೆ ಬಂದಳು. ಅಪ್ಪ ಇಕ್ಬಾಲರದ್ದು ಗಾಡಿಗಳ ಸೀಟು ಹೊಲಿಯುವ ಅಂಗಡಿ. ಮಾತು ಕಡಿಮೆ, ಮಗಳ ಮುಖ ನೋಡಿ ಒಳಗೆ ಹೋಗು ಎಂದರು, ಅಷ್ಟೇ. ತಾಯಿ ಬದ್ರುನ್ನಿಸಾಗೆ ಮಾತ್ರ ಗಂಡ ಹೆಂಡಿರನ್ನು ಒಂದು ಮಾಡದೆ ಊಟ ಸೇರುತ್ತಿರಲಿಲ್ಲ. ಆರೈಕೆ ಕೇಂದ್ರದ ರೆಕ್ಸಿನ್ ಹಾಸಿಗೆಗಳನ್ನು ಹೊಲಿದು ಕೊಟ್ಟು ಬಂದ ದಿನ ಇಕ್ಬಾಲ್ ಮಗಳಿಗೆ ಅಲ್ಲಿಯ ತರಬೇತಿಯ ಸುದ್ದಿ ಹೇಳಿದರು. ಊಟ ವಸತಿ ಅಲ್ಲೇ, ಗೇಟಿಗೆ ಸದಾ ಬೀಗ ಎಂದರು. ಯಾಸ್ಮೀನ್ ಕೇಳಿದ್ದು ಬೀಗ ಅನ್ನುವ ಒಂದು ಮಾತನ್ನು. ಸೇವಾಭಾವ ಗೀವಾಭಾವ ಎಂದು ಬರೆಯುವವರು ಬರೆದುಕೊಳ್ಳಲಿ, ಅವಳು ಹೋಗಿ ಸೇರಿದ್ದು ಆ ಬೀಗಕ್ಕಾಗಿ.

ಹಾಗೆ ಸೇರಿದವಳಿಗೆ ಒಪ್ಪಿಸಿದ್ದು ವಿನೋದಕ್ಕನನ್ನು. ದೊಡ್ಮನೆ ಎಂಬ ಊರಿನ ಕಡೆಯ ಹೆಸರುವಾಸಿ ಕುಟುಂಬದ ಮಗಳು, ವಯಸ್ಸು ನಲವತ್ತು ದಾಟಿದೆ, ಬುದ್ಧಿ ಐದರ ಮಗುವಿನದು. ಮದುವೆ ಮುಂಜಿಗೆ ಬರುವವರ ಕಣ್ಣಿಗೆ ಬೀಳಬಾರದೆಂದು ಮನೆಯವರು ಅವಳನ್ನು ಹಿಂದಿನ ಕೋಣೆಯಲ್ಲಿ ಕಾಲಿಗೆ ಹಗ್ಗ ಕಟ್ಟಿ, ಬಾಗಿಲು ಹಾಕಿ ಬೆಳೆಸಿದರು. ಬೆಳೆಸಿದರು ಅನ್ನುವುದೂ ದೊಡ್ಡ ಮಾತೇ. ಬಲಗಾಲಿನ ಗಂಟಿನ ಸುತ್ತ ಹಗ್ಗ ತಿಂದ ಚರ್ಮ ಕಪ್ಪಗೆ ದಪ್ಪಗಟ್ಟಿದೆ. ಯಾರಾದರೂ ಬಾಗಿಲಿಗೆ ಅಡ್ಡ ನಿಂತರೆ ಸಾಕು, ಅವಳಿಗೆ ಲೋಕವೇ ಮುಚ್ಚಿದ ಹಾಗೆ. ಅಡ್ಡ ನಿಂತವರ ಕೂದಲು ಕಿತ್ತು ಕೈಗೆ ತೆಗೆಯುತ್ತಿದ್ದಳು. ಬಿಸಿ ಅನ್ನದ ತಟ್ಟೆ ಮುಖಕ್ಕೆ ಬರುತ್ತಿತ್ತು. ಯಾರೂ ಸಿಗದಿದ್ದರೆ ಗೋಡೆಗೆ ಹಣೆ ಚಚ್ಚುತ್ತಿದ್ದಳು, ತೆಂಗಿನಕಾಯಿ ಒಡೆದಂತೆ ಸದ್ದು ಬರುವ ತನಕ.

ಒಂದು ಬೆಳಿಗ್ಗೆ ಯಾಸ್ಮೀನ್ ಅವಳನ್ನು ಸ್ನಾನಕ್ಕೆ ಕರೆದುಕೊಂಡು ಹೋದಳು. ಹೊರಗೆ ಕಟ್ಟಿಗೆ ಇಳಿಸುವ ಗಂಡಾಳುಗಳಿದ್ದರು. ಮರ್ಯಾದೆಯ ಮನೆಯಲ್ಲಿ ಬೆಳೆದ ಹೆಂಗಸು ಯಾರಾದರೂ ಏನು ಮಾಡುತ್ತಾಳೆ? ಬಚ್ಚಲಿನ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಮರ್ಯಾದೆ ಕಾಯಲು ಹೋದದ್ದೇ ತಪ್ಪಾಯಿತು. ವಿನೋದಕ್ಕ ಅವಳ ಎಡಗೈಗೆ ಬಾಯಿ ಹಾಕಿದಳು. ಕಚ್ಚಿ ಬಿಡುವ ಕಚ್ಚು ಅಲ್ಲ. ಹಲ್ಲು ಒಳಗಿಳಿಸಿ, ತಲೆ ಅಲ್ಲಾಡಿಸಿ, ಮಾಂಸ ಬಿಡಿಸಿಕೊಳ್ಳುವ ಕಚ್ಚು. ಯಾಸ್ಮೀನಳ ಬಲಗೈ ತಾನೇ ಎದ್ದಿತು. ಕೆನ್ನೆಗೆ ಬಾರಿಸಿದಳು, ಮತ್ತೊಮ್ಮೆ ಬಾರಿಸಿದಳು, ಬಾಯಿ ಬಿಡುವವರೆಗೂ ಬಾರಿಸಿದಳು.

ವಿನೋದಕ್ಕ ಅಳಲಿಲ್ಲ. ಒದ್ದೆ ನೆಲದಲ್ಲಿ ಕುಕ್ಕರಿಸಿ ಕೂತು, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು, ಬಲಗಾಲನ್ನು ಮುಂದಕ್ಕೆ ಚಾಚಿದಳು. ಹೊಡೆತ ಬಿದ್ದ ಮೇಲೆ ಹಗ್ಗ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಟ್ಟುವವರಿಗೆ ಸುಲಭವಾಗಲಿ ಎಂದು ಕಾಲು ನೀಡಿ ಕಾದಳು.

ಯಾಸ್ಮೀನಳಿಗೆ ಮೊಯಿನನ ಲಾರಿಯ ಸದ್ದು ಕೇಳಿದ ಕೂಡಲೇ ತಾನೂ ಬಳೆ ಒಡೆಯದಿರಲಿ ಎಂದು ಮೊದಲೇ ಬಳೆ ತೆಗೆದಿಡುತ್ತಿದ್ದದ್ದು ನೆನಪಾಯಿತು. ಅಲ್ಲೇ ಗೋಡೆಗೆ ಒರಗಿ ವಾಂತಿ ಮಾಡಿದಳು.

ಸದ್ದು ಕೇಳಿ ಬಂದ ಅಭಿಜ್ಞಾ ಮೇಡಂಗೆ ವಿನೋದಕ್ಕನ ಕೆನ್ನೆಯ ಮೇಲಿನ ಬೆರಳಿನ ಬರೆಗಳು ಕಂಡವು. ಯಾಸ್ಮೀನಳ ಕೈಗೆ ಹೊಲಿಗೆ ಹಾಕಿಸಿ ತಂದರು, ಇಂಜೆಕ್ಷನ್ ಕೊಡಿಸಿದರು, ತಾವೇ ಅನ್ನ ಕಲಸಿ ಕೊಟ್ಟರು. ಅವಳು ಉಂಡ ಮೇಲೆ ಹೇಳಿದರು: “ಇನ್ನೊಂದ್ಸಲ ಈ ಕೈ ಎದ್ರೆ ಅವತ್ತೇ ಗಂಟುಮೂಟೆ ಕಟ್ಟು. ನಿನ್ನ ಕತೆ ಎಂಥದೇ ಇರ್ಲಿ, ನಾ ಕೇಳೂದಿಲ್ಲ. ಅವ್ಳ ಕತೆಯೂ ಸಣ್ಣದಲ್ಲ.”

ಗಂಟುಮೂಟೆ ಕಟ್ಟಿದರೆ ಎಲ್ಲಿಗೆ? ತವರಿಗೆ. ತವರಿನಿಂದ ತಾಯಿಯ ಕಣ್ಣೀರಿನ ದಾರಿ ಹಿಡಿದು ಯಲ್ಲಾಪುರಕ್ಕೆ. ಅದರಾಚೆ ಏನಿದೆ ಎಂದು ಯಾಸ್ಮೀನ್ ಯೋಚಿಸಬೇಕಾಗಿಯೇ ಇರಲಿಲ್ಲ. ಮುಂದಿನ ಸಲ ಅವನ ಕೈಯಲ್ಲಿ ತಾನು ಉಳಿಯುವುದಿಲ್ಲ ಎಂಬುದು ಅವಳಿಗೆ ಸ್ಪಷ್ಟವಿತ್ತು.

ಅಂದಿನಿಂದ ಅವಳು ಮೈಯೆಲ್ಲ ಕಣ್ಣಾಗಿ ಕಲಿತಳು. ಬಾಗಿಲಿಗೆ ಅಡ್ಡ ನಿಲ್ಲುವುದು ಬಿಟ್ಟಳು, ಬಾಗಿಲಿಗೆ ಪರದೆ ಹಾಕಿಸಿದಳು. ವಿನೋದಕ್ಕನ ಕಿವಿಗೆ ಬೇರೆಯವರ ಕನ್ನಡ ಇಳಿಯುವುದಿಲ್ಲ, ಮನೆಮಾತು ಮಾತ್ರ ಇಳಿಯುತ್ತದೆ ಎಂದು ಅಭಿಜ್ಞಾ ಮೇಡಂ ಹೇಳಿದಾಗ ಅದೇ ಮನೆಮಾತಿನ ಅವರ ಹತ್ತಿರವೇ ಎರಡು ಮಾತು ಕಲಿತಳು: ಹೆದ್ರಡ, ಎಂತೂ ಆಗ್ತಿಲ್ಲೆ. ಹೆದರಬೇಡ, ಏನೂ ಆಗುವುದಿಲ್ಲ ಎಂದು. ಕಸ್ತೂರಬಾ ನಗರದ ನಾಲಿಗೆಯಲ್ಲಿ ಆ ಮಾತು ಎಳೆದೆಳೆದು ಬರುತ್ತಿತ್ತು. ಕೇಳಿ ಅಡಿಗೆಯವರು ನಗುತ್ತಿದ್ದರು. ವಿನೋದಕ್ಕ ನಗಲಿಲ್ಲ. ಹಿಡಿದಾಗ ಮೊದಮೊದಲು ಒದೆಯುತ್ತಿದ್ದವಳು, ಉಗುಳುತ್ತಿದ್ದವಳು, ಬರಬರುತ್ತ ಆ ಎಳೆದ ಮಾತು ಕಿವಿಗೆ ಬಿದ್ದರೆ ಕುತ್ತಿಗೆ ಸಡಿಲ ಬಿಡತೊಡಗಿದಳು. ಬಿಟ್ಟ ಮೇಲೆ ಸ್ಟೀಲಿನ ಲೋಟದಲ್ಲಿ ನೀರು. ಗಲ್ಲದ ಕೆಳಗೆ ಒಂದು ಅಂಗೈ ಒಡ್ಡಿ, ಇನ್ನೊಂದು ಕೈಯಿಂದ ಲೋಟ ಹಿಡಿದು, ಮುಗಿಯುವವರೆಗೂ ಕುಡಿಸುವುದು ಯಾಸ್ಮೀನಳ ಕ್ರಮ.

ಒಮ್ಮೆ ವಿನೋದಕ್ಕನ ಅಣ್ಣ ಶಾಂತಾರಾಮ ಬಾಳೆಗೊನೆ ತೆಗೆದುಕೊಂಡು ಬಂದಿದ್ದರು. ನೀರು ಕುಡಿಸುತ್ತಿದ್ದವಳ ಹೆಸರು ಕೇಳಿ ತಿಳಿದುಕೊಂಡು, ಅಭಿಜ್ಞಾ ಮೇಡಂ ಹತ್ತಿರ ಹೋಗಿ ಸಣ್ಣದಾಗಿ ಕೇಳಿದರು: “ತಂಗಿಗೆ ನೀರು, ಊಟ ಎಲ್ಲ ಆ ಕೂಸಿನ ಕೈಲೇ ಆಗ್ತಾ ಎಂತ?”

ಮೇಡಂ ಅದೇ ಮನೆಮಾತಿನಲ್ಲಿ, ಆದರೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಉತ್ತರ ಕೊಟ್ಟರು. “ಹೌದು. ನೀವು ಕಾಲಿಗೆ ಕಟ್ಟಿದ ಹಗ್ಗ ಯಾವ ಜಾತಿದಾಗಿತ್ತು?”

ಶಾಂತಾರಾಮ ಬಾಳೆಗೊನೆಯನ್ನು ಅಲ್ಲೇ ಇಳಿಸಿ ಹೋದರು. ಹಣ್ಣು ಚೆನ್ನಾಗಿತ್ತು, ಎಲ್ಲರೂ ತಿಂದರು.

ಹೀಗೆ ಹಿಡಿಯುವುದರಲ್ಲಿ ಯಾಸ್ಮೀನಳನ್ನು ಮೀರಿಸುವವರಿಲ್ಲ ಎನ್ನುವಂತಾಯಿತು. ಆದರೆ ಹಿಡಿಸಿಕೊಳ್ಳಲು ಮಾತ್ರ ಅವಳಿಂದ ಆಗಲೇ ಇಲ್ಲ. ಸರ್ಟಿಫಿಕೇಟು ಸಿಗಬೇಕಾದರೆ ಪ್ರತಿಯೊಬ್ಬಳೂ ಎಲ್ಲರೆದುರು ಹಿಂದಿನಿಂದ ಹಿಡಿಸಿಕೊಂಡು, ಉಸಿರು ಇಳಿಯುವವರೆಗೂ ಕೂರಬೇಕು. ಯಾಸ್ಮೀನಳ ಪಾಳಿ ಬಂದಾಗಲೆಲ್ಲ ಕುಸ್ತಿಯೇ. ದುರ್ಗಮ್ಮ ಮೂಗಿಗೆ ಅಡ್ಡ ದಿಂಬು ಕಟ್ಟಿಕೊಂಡು ಬರುತ್ತಿದ್ದಳು. ತೋಳು ತಾಗಿದ ಕೂಡಲೇ ಇವಳ ತಲೆ ಹಿಂದಕ್ಕೆ ಚಿಮ್ಮುತ್ತಿತ್ತು, ಹಿಮ್ಮಡಿ ಹಿಂದಕ್ಕೆ ಒದೆಯುತ್ತಿತ್ತು. ದುರ್ಗಮ್ಮನ ಮೊಣಕಾಲು ಊದಿಕೊಂಡಿತು, ಒಂದು ಹಲ್ಲು ಅಲ್ಲಾಡತೊಡಗಿತು.

“ನನಗ ಸರ್ಟಿಫಿಕೇಟು ಬ್ಯಾಡ್ರಿ ಮೇಡಂ, ವಿಮಾ ಮಾಡಸ್ರಿ,” ಎನ್ನುತ್ತಿದ್ದಳು ದುರ್ಗಮ್ಮ.

“ನಂಗೆ ಗೊತ್ತಾಗೂದೇ ಇಲ್ಲ ಮೇಡಂ,” ಎಂದು ಯಾಸ್ಮೀನ್ ಅತ್ತಳು. “ಮೈ ಬೇರೆ ಯಾರದ್ದೋ ಆಗ್ತದೆ.”

“ಗೊತ್ತಾಗೋವರೆಗೂ ನೀನು ಪಾಸಿಲ್ಲ,” ಎಂದರು ಅಭಿಜ್ಞಾ ಮೇಡಂ. ಬೈಗುಳದ ದನಿಯಲ್ಲಲ್ಲ.

ವರ್ಷ ಮುಗಿಯುವುದರೊಳಗೆ ರಂಜಾನ್ ಹಬ್ಬ ಬಂತು. ಪಾಳಿ ಇದ್ದುದರಿಂದ ಯಾಸ್ಮೀನ್ ಮನೆಗೆ ಹೋಗಲಿಲ್ಲ. ಬದ್ರುನ್ನಿಸಾ ಎಂದಿನಂತೆ ಹಾಲು, ಶಾವಿಗೆ, ಖರ್ಜೂರ ಹಾಕಿ ಸುರಕುಂಬಾ ಮಾಡಿದಳು. ಹಬ್ಬದ ದಿನ ಅತ್ತೆಮನೆಗೆ ಬಂದ ಅಳಿಯ ತಲೆ ತಗ್ಗಿಸಿ ಕೂತು, ತಪ್ಪಾಯಿತು ಎಂದ. ತಾಯಿಗೆ ಅಷ್ಟು ಸಾಕಾಯಿತು. ಹಬ್ಬದ ಸಿಹಿಯನ್ನು ಗಂಡನೇ ಒಯ್ದು ಕೊಟ್ಟರೆ ಹೆಂಡತಿಯ ಮನಸ್ಸು ಕರಗಿಯೇ ಕರಗುತ್ತದೆ ಎಂದು ಅವಳ ಲೆಕ್ಕ. ಇಕ್ಬಾಲ್ ನಮಾಜು ಮುಗಿಸಿ ಬರುವಷ್ಟರಲ್ಲಿ ಡಬ್ಬಿ ಮೊಯಿನನ ಕೈ ಸೇರಿ ಆಗಿತ್ತು.

ಗೇಟಿನಲ್ಲಿದ್ದವಳು ದುರ್ಗಮ್ಮ. ಅವಳು ಮೊಯಿನನ ಮುಖ ನೋಡಿದವಳಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಬದ್ರುನ್ನಿಸಾ ಎಂದು ಕೊರೆದ ಹೆಸರು ನೋಡಿದಳು. ಯಾಸ್ಮೀನಳ ತವರಿನ ಅದೇ ಡಬ್ಬಿಯಿಂದ ಒಂದಲ್ಲ ಎರಡು ಸಲ ಬಿರಿಯಾನಿ ತಿಂದಿದ್ದಳು. “ನಮ್ಮ ಯಾಸ್ಮೀನಳ ಅಣ್ಣ ಏನ್ರಿ? ಬರ್ರಿ, ಬರ್ರಿ,” ಎಂದು ಬೀಗ ತೆಗೆದಳು.

ಯಾಸ್ಮೀನ್ ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟಿ ಅಂಗಳಕ್ಕೆ ಬಂದಳು. ಎದುರಿಗೆ ಅವನು. ಹೊಸ ಅಂಗಿ, ಅತ್ತರು, ಕೈಯಲ್ಲಿ ತಾಯಿಯ ಡಬ್ಬಿ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ವಿನೋದಕ್ಕ ಕೂತು ನೀರಿನಲ್ಲಿ ಕೈಯಾಡಿಸುತ್ತಿದ್ದಳು.

“ಹಬ್ಬ ಅಲ್ವಾ, ಮನೆಗೆ ಹೋಗೋಣ ನಡಿ,” ಎಂದ. ನಗುತ್ತಲೇ ಎಂದ.

“ಬರಲ್ಲ.” ಹೇಳಿದ ದನಿ ತನ್ನದೇ ಎಂದು ಅವಳಿಗೆ ಆಶ್ಚರ್ಯವಾಯಿತು. “ದುರ್ಗಮ್ಮಾ, ಇವ್ನನ್ನ ಹೊರಗೆ ಕಳ್ಸು,” ಎಂದು ಗೇಟಿನ ಕಡೆ ತಿರುಗಿದಳು.

ತಿರುಗಬಾರದಿತ್ತು. ತೋಳು ಕುತ್ತಿಗೆಗೆ ಬಿತ್ತು. ಅದೇ ತೋಳು, ಅದೇ ಜಾಗ, ಗಂಟಲ ಮೂಳೆಯ ಮೇಲೆಯೇ. ಡಬ್ಬಿ ಬಿದ್ದು ಸುರಕುಂಬಾ ನೆಲದ ಮೇಲೆ ಹರಿಯಿತು. ಅವನು ಅವಳನ್ನು ಗೇಟಿನತ್ತ ಎಳೆದ. ಅವಳ ಹಿಮ್ಮಡಿ ನೆಲದಲ್ಲಿ ಗೀರುತ್ತ ಹೋಯಿತು. ಓಡಿ ಬಂದ ದುರ್ಗಮ್ಮ ಅವನ ಅಂಗಿ ಹಿಡಿದಳು. ಅವನು ಅವಳ ಹೊಟ್ಟೆಗೆ ಜಾಡಿಸಿ ಒದ್ದ. ಆ ಗಟ್ಟಿಗಿತ್ತಿ ಎರಡಾಗಿ ಮಡಚಿ ಬಿದ್ದಳು. ಯಾಸ್ಮೀನಳ ಕಣ್ಣಿಗೆ ಆಕಾಶ ಅಂಚಿನಿಂದ ಕಪ್ಪಾಗತೊಡಗಿತು.

ಆಗ ಅವನು ಕಿರುಚಿದ. ವಿನೋದಕ್ಕ ಅವನ ತೊಡೆ ಕಚ್ಚಿದ್ದಳು, ಗೊತ್ತಲ್ಲ, ಅವಳ ಕಚ್ಚು. ಅವನು ಯಾಸ್ಮೀನಳನ್ನು ಬಿಟ್ಟು ಅವಳ ಜುಟ್ಟು ಹಿಡಿದೆತ್ತಿ ಬೀಸಿ ಒಗೆದ. ಅವಳ ಹಣೆ ಒಗೆಯುವ ಕಲ್ಲಿನ ಅಂಚಿಗೆ ಬಡಿಯಿತು. ಒಳಗಿದ್ದವರೆಲ್ಲ ಕೂಗತೊಡಗಿದರು.

“ಹುಚ್ಚು ಮುಂಡೆ,” ಎಂದು ಮೊಯಿನ್ ಕಾಲೆತ್ತಿದ.

ವಿನೋದಕ್ಕ ಎದ್ದು ಕೂತಳು. ಮುಖದ ಮೇಲೆ ರಕ್ತ ಇಳಿಯುತ್ತಿತ್ತು. ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಬಲಗಾಲನ್ನು ಅವನ ಮುಂದೆ ಚಾಚಿದಳು.

ಆ ಕಾಲು ನೋಡಿದ್ದೇ ಯಾಸ್ಮೀನಳ ಕೈಗೆ ಕಟ್ಟಿಗೆಯ ತುಂಡು ಬಂತು. ಯಾವಾಗ ಎದ್ದಳು, ಎಲ್ಲಿಂದ ತೆಗೆದಳು, ಗೊತ್ತಿಲ್ಲ. ಮೊದಲ ಏಟು ಅವನ ಎತ್ತಿದ ಕಾಲಿನ ಮೊಣಕಾಲಿಗೆ. ಅವನು ಬಿದ್ದ. ಎರಡನೆಯದು ಹೆಗಲಿಗೆ, ತನ್ನ ಮೂಳೆ ಮುರಿದಿದ್ದ ಅದೇ ಜಾಗಕ್ಕೆ. ಅಡ್ಡ ಹಿಡಿದ ಅಂಗೈಗೆ ಇನ್ನೊಂದು. ಆಮೇಲೆ ಬೆನ್ನಿಗೆ, ಪಕ್ಕೆಗೆ, ಬೆನ್ನಿಗೆ. ಪ್ರತಿ ಏಟಿಗೂ ಅವಳ ಬಾಯಿಂದ ಒಂದು ಸದ್ದು ಬರುತ್ತಿತ್ತು, ಮಾತಲ್ಲ. ಅವನು ತೆವಳಿದ. ತೆವಳಿದಷ್ಟೂ ಹೊಡೆದಳು. ಅವನು ಅಮ್ಮಾ ಎಂದ, ಅಲ್ಲಾ ಎಂದ, ಬೇಡ ಎಂದ. ತಾನು ಬೇಡ ಎಂದ ದಿನಗಳೆಲ್ಲ ಅವಳ ರಟ್ಟೆಗೆ ಇಳಿದಿದ್ದವು. ಅವನು ಮಗುಚಿ ಮುಖ ಮೇಲೆ ಮಾಡಿದಾಗ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಿದಳು. ಇದೊಂದು ಬಿದ್ದರೆ ಮುಗಿಯಿತು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವಳಿಗೆ ಅದೇ ಬೇಕಿತ್ತು.

ಹಿಂದಿನಿಂದ ಎರಡು ತೋಳು ಬಂದು ಅವಳನ್ನು ಬಳಸಿದವು.

ಮೈ ಬೇರೆ ಯಾರದ್ದೋ ಆಯಿತು. ಕಾಲು ಹಿಂದಕ್ಕೆ ಒದೆಯಿತು, ಮೊಣಕೈ ಹೋಯಿತು. ತೋಳುಗಳು ಬಿಡಲಿಲ್ಲ. ಎರಡು ಹೆಗಲ ನಡುವೆ ಒಂದು ಹಣೆ ಬಂದು ಒತ್ತಿಕೊಂಡಿತು, ಪಾಠದಲ್ಲಿ ಹೇಳಿದ ಜಾಗಕ್ಕೇ. ಅಲ್ಲಿಂದ ಏನೋ ಬಿಸಿಯಾದದ್ದು ಅವಳ ಕಮೀಜು ನೆನೆಸಿ ಬೆನ್ನಿನಗುಂಟ ಇಳಿಯತೊಡಗಿತು.

“ಹೆದ್ರಡಾ,” ಎಂದಿತು ಬೆನ್ನ ಹಿಂದಿನ ದನಿ. “ಎಂತೂ ಆಗ್ತಿಲ್ಲೇ.”

ವಿನೋದಕ್ಕನ ಬಾಯಲ್ಲಿ ಅಲ್ಲಿಯವರೆಗೆ ಯಾರೂ ಪೂರ್ತಿ ಮಾತು ಕೇಳಿರಲಿಲ್ಲ. ಈಗ ಹೇಳಿದ್ದೂ ದೊಡ್ಮನೆಯ ಧಾಟಿಯಲ್ಲಲ್ಲ. ಕಸ್ತೂರಬಾ ನಗರದ ನಾಲಿಗೆಯಂತೆ ಎಳೆದೆಳೆದು ಹೇಳಿದಳು. ಹೇಳಿದ್ದನ್ನೇ ಮತ್ತೆ ಹೇಳಿದಳು.

ಯಾಸ್ಮೀನಳ ಕುತ್ತಿಗೆ ಹಿಂದಕ್ಕೆ ಚಿಮ್ಮಲು ಬಿಗಿಯಿತು. ತಲೆ ಚಿಮ್ಮಿದರೆ ಬಡಿಯುವುದು ಯಾವ ತಲೆಗೆ ಎಂದು ಆ ಕ್ಷಣ ಅವಳಿಗೆ ಹೊಳೆಯಿತು. ಹಣೆ ಒಡೆದ ತಲೆಗೆ. ಹಲ್ಲು ಕಚ್ಚಿ ತನ್ನ ಕುತ್ತಿಗೆಯನ್ನು ತಾನೇ ಹಿಡಿದುಕೊಂಡಳು. ಮೊಯಿನನನ್ನು ಹೊಡೆಯುವುದಕ್ಕೆ ಇಷ್ಟು ಬಲ ಬೇಕಾಗಿರಲಿಲ್ಲ. ಕಟ್ಟಿಗೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಕೆಳಗೆ ಕೂತಳು. ಹಿಂದಿದ್ದವಳೂ ಅವಳ ಜೊತೆಗೇ ಮೆಲ್ಲಗೆ ಕೂತಳು. ಚೆಲ್ಲಿದ ಹಾಲು ಶಾವಿಗೆಯ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಯಾಸ್ಮೀನ್ ಗಟ್ಟಿಯಾಗಿ ಅತ್ತಳು, ಆ ಮಗು ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಅಳು ತಗ್ಗಿ ಉಸಿರು ಇಳಿಯುತ್ತಿದ್ದಂತೆ ತೋಳುಗಳು ಬಿಟ್ಟವು.

ಅಷ್ಟರಲ್ಲಿ ದುರ್ಗಮ್ಮ ಹೊಟ್ಟೆ ಹಿಡಿದುಕೊಂಡೇ ಬಂದು ಮೊಯಿನನ ಎದೆಯ ಮೇಲೆ ಕೂತಿದ್ದಳು. “ಪೊಲೀಸ್ರು ಬರೂತನ ಏಳೂದಿಲ್ರಿ ನಾನು,” ಎಂದಳು. ಅಭಿಜ್ಞಾ ಮೇಡಂ ಬಾಗಿಲಲ್ಲಿ ನಿಂತಿದ್ದರು, ಫೋನು ಇನ್ನೂ ಕಿವಿಯಲ್ಲೇ ಇತ್ತು, ಮುಖ ಬಿಳಿಚಿತ್ತು. ಅವರು ಎಲ್ಲ ನೋಡಿದ್ದರು.

“ಕೈ ಎತ್ತಿದೆ ಮೇಡಂ,” ಎಂದಳು ಯಾಸ್ಮೀನ್. “ಸಾಯಿಸ್ಬೇಕು ಅಂತ್ಲೇ ಎತ್ತಿದೆ. ಬಟ್ಟೆ ಕಟ್ಕೊಂಡು ಹೋಗ್ತೀನಿ.”

“ಹೋಗು ಅಂತ ಯಾರು ಹೇಳಿದ್ರು?” ಮೇಡಂ ಫೋನು ಇಳಿಸಿದರು. “ಎತ್ತಿದ್ದಕ್ಕೆ ಮೊದಲ ದಿನದ ಪಾಠದಿಂದ ಮತ್ತೆ ಶುರು ಮಾಡ್ಬೇಕು ನೀನು, ಇನ್ನೊಂದು ವರ್ಷ. ಹಿಡಿಸಿಕೊಳ್ಳೂದೊಂದು ಮಾತ್ರ ಮತ್ತೆ ಬೇಡ, ಅದು ಪಾಸು. ಈಗ ಸುಮ್ನೆ ಕೂತ್ಕೋ. ನಿನ್ನ ಹಿಡಿದವ್ಳ ಕೆಲ್ಸ ಇನ್ನೂ ಮುಗೀಲಿಲ್ಲ.”

ವಿನೋದಕ್ಕ ಅಡಿಗೆಮನೆಯಿಂದ ಬರುತ್ತಿದ್ದಳು. ಹಣೆಯ ರಕ್ತ ಒರೆಸಿಕೊಂಡಿರಲಿಲ್ಲ. ಎರಡೂ ಕೈಯಲ್ಲಿ ಸ್ಟೀಲಿನ ಲೋಟ, ದಾರಿಯುದ್ದಕ್ಕೂ ತುಳುಕಿ ಅರ್ಧವಾಗಿದ್ದ ನೀರು. ಯಾಸ್ಮೀನಳ ಎದುರು ಕುಕ್ಕರಿಸಿ ಕೂತು, ಒಂದು ಅಂಗೈಯನ್ನು ಅವಳ ಗಲ್ಲದ ಕೆಳಗೆ ಒಡ್ಡಿ, ಲೋಟವನ್ನು ಬಾಯಿಗೆ ಹಿಡಿದಳು. ಯಾಸ್ಮೀನಳ ಗಂಟಲು ನೀಲಿಗಟ್ಟಿತ್ತು, ನುಂಗಲು ನೋವಾಗುತ್ತಿತ್ತು. ಒಂದು ಗುಟುಕು ಕುಡಿದು ಸಾಕು ಎಂದು ತಲೆಯಾಡಿಸಿದಳು. ನೀರು ಮುಗಿಯುವವರೆಗೂ ವಿನೋದಕ್ಕ ಲೋಟ ಇಳಿಸಲಿಲ್ಲ.